ಪರದೆ ಕಪ್ಪಾದರೆ ಹೆದರಬೇಡಿ

ನನಗೊಂದು ಅಧಿಕಾರವಿದೆ. ಅದಕ್ಕೆ ಸಂಬಳವಿಲ್ಲ, ಕುರ್ಚಿಯಿಲ್ಲ, ಏನೆಂದು ಮನೆಯವರಿಗೆ ವಿವರಿಸುವ ಧೈರ್ಯವೂ ನನಗಿಲ್ಲ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ, ತಿದ್ದಬಹುದಾದ ಒಂದು ತಂತ್ರಾಂಶವಿದೆ. ಹಳೆಯ ಕಂಪ್ಯೂಟರಿಗೆ ಅದನ್ನು ಹಾಕಿಕೊಳ್ಳುವುದು ಹೇಗೆಂದು ಹೇಳುವ ತಮಿಳು ಕೈಪಿಡಿಯೂ ಇದೆ. ಆ ಕೈಪಿಡಿಗೆ ಎಲ್ಲೆಲ್ಲಿಂದಲೋ ಬರುವ ತಿದ್ದುಪಡಿಗಳನ್ನು ಚಿನ್ನಮನೂರಿನ ನನ್ನ ಕೋಣೆಯಲ್ಲಿ ಕೂತು ಒಪ್ಪುವುದು, ಇಲ್ಲವೇ ತಳ್ಳಿಹಾಕುವುದು ನನ್ನ ಕೆಲಸ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು, ಕನ್ನಡ ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಹೀಗೆ ಎಲ್ಲದರಲ್ಲೂ ಅರೆಬರೆಯಾದವನಿಗೆ ಇನ್ನೊಬ್ಬರ ವಾಕ್ಯ ಕತ್ತರಿಸುವುದರಲ್ಲಿ ಎಂಥ ಸುಖವಿದೆಯೆಂದು ನಿಮಗೆ ಹೇಳಬೇಕಾಗಿಲ್ಲ.

ವರ್ಷಗಟ್ಟಲೆ ಕತ್ತರಿಸಿದೆ. ‘ದಯವಿಟ್ಟು’ ಕಂಡಲ್ಲೆಲ್ಲ ಅಳಿಸಿದೆ. ಒಮ್ಮೆ ಯಾರೋ ಅಪರಿಚಿತರು ಏಳನೆಯ ಹಂತಕ್ಕೊಂದು ಸಾಲು ಕಳಿಸಿದರು: ‘ಇಲ್ಲಿ ಪರದೆ ಹತ್ತು ನಿಮಿಷ ಕಪ್ಪಾಗಿರುತ್ತದೆ. ಹೆದರಬೇಡಿ, ಕಾಯಿರಿ.’ ನಾನು ತಳ್ಳಿಹಾಕಿ, ‘ಕೈಪಿಡಿ ಇರುವುದು ಸಮಾಧಾನ ಹೇಳುವುದಕ್ಕಲ್ಲ’ ಎಂದು ಷರಾ ಬರೆದೆ. ಬರೆದದ್ದನ್ನು ಎರಡು ಸಲ ಓದಿ ಖುಷಿಪಟ್ಟೆ. ಆ ಮನುಷ್ಯ ಮತ್ತೆ ಏನನ್ನೂ ಕಳಿಸಲಿಲ್ಲ.

ಪೆರಿಯಕುಳಂನಲ್ಲಿರುವ ನನ್ನ ಅಕ್ಕ ರವಿಕೆ ಹೊಲಿಯುತ್ತಾಳೆ. ಎಂಟು ವರ್ಷ ಕೂತು ಬರೆದ ಕಸೂತಿ ವಿನ್ಯಾಸಗಳೆಲ್ಲ ಅವಳ ಹಳೇ ಲ್ಯಾಪ್‌ಟಾಪಿನಲ್ಲಿದ್ದವು. ಅದು ತೆವಳತೊಡಗಿದಾಗ ನಮ್ಮ ತಂತ್ರಾಂಶ ಹಾಕಿಕೊಳ್ಳೆಂದು ಹೇಳಿದವನು ನಾನೇ. ಹಳೆಯ ಕಡತಗಳಿಗೆ ಏನೂ ಆಗುವುದಿಲ್ಲ, ಬೇರೆ ಪ್ರತಿ ತೆಗೆದಿಡುವುದು ಬೇಡ ಎಂದವನೂ ನಾನೇ.

ದಿಂಡಿಗಲ್ಲಿನಲ್ಲಿ ನಾನು ಕಂಡ ಬೀಗದ ವ್ಯಾಪಾರಿಯೊಬ್ಬರು ಗಿರಾಕಿಗೆ ಏನನ್ನೂ ವಿವರಿಸುತ್ತಿರಲಿಲ್ಲ. ಬೀಗ, ಕೀಲಿ ಎರಡನ್ನೂ ಕೈಗಿಟ್ಟು, ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ಹೇಳಿಕೊಡದೆ ತೆರೆದರೆ ಮಾತ್ರ ಬೀಗ ಸರಿಯಿದೆಯೆಂದು ಅವರ ಲೆಕ್ಕ. ನಮ್ಮ ಕೈಪಿಡಿಗೂ ಅದೇ ಪರೀಕ್ಷೆ ಆಗಲಿ ಎಂದು ಅದನ್ನು ಅಕ್ಕನ ಮುಂದಿಟ್ಟು ನಾನೂ ಅವಳ ಹಿಂದೆ ಕೈಕಟ್ಟಿ ನಿಂತೆ. ಆರು ಹಂತ ಅವಳು ಸಲೀಸಾಗಿ ದಾಟಿದಳು. ನನ್ನ ಎದೆ ಉಬ್ಬಿತು. ಏಳನೆಯದರಲ್ಲಿ ಪರದೆ ಕಪ್ಪಾಯಿತು. ಅವಳು ಒಂದು ನಿಮಿಷ ನೋಡಿದಳು, ಎರಡು ನಿಮಿಷ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಗುಂಡಿ ಒತ್ತಿ ಆರಿಸಿಬಿಟ್ಟಳು.

ಕೆಲಸ ಅರ್ಧಕ್ಕೆ ನಿಂತು ವಿನ್ಯಾಸಗಳೆಲ್ಲ ಹೋದವು. ತೇನಿಯ ರಿಪೇರಿ ಅಂಗಡಿಯವನೂ ಕೈಚೆಲ್ಲಿದ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ಕರ್ರಗಾಯ್ತು, ಸತ್ತೋಯ್ತು ಅಂತ ಆರಿಸ್ಬುಟ್ಟೆ ತಂಬಿ,” ಎಂದಳು. “ಪಕ್ಕದಾಗೇ ಇದ್ದೀಯಲ್ಲ, ಒಂದು ಮಾತು ಹೇಳ್ಬಾರ್ದಾಗಿತ್ತಾ?”

ಆ ಒಂದು ಮಾತನ್ನು ಯಾರೋ ಪುಣ್ಯಾತ್ಮರು ಹೇಳಿದ್ದರು, ನಾನೇ ಅಳಿಸಿದ್ದೆ ಎಂದು ಅವಳಿಗೆ ಇಂದಿಗೂ ಹೇಳಿಲ್ಲ. ಮನೆಗೆ ಬಂದವನೇ ಅದೇ ಸಾಲನ್ನು ನನ್ನ ಹೆಸರಿನಲ್ಲಿ ಕಳಿಸಿದೆ. ನನ್ನ ಬರಹವನ್ನು ನಾನೇ ಒಪ್ಪುವಂತಿಲ್ಲ, ಇನ್ನೊಬ್ಬ ಪರಿಶೀಲಕರು ನೋಡಬೇಕು. ಎರಡು ದಿನದಲ್ಲಿ ಉತ್ತರ ಬಂತು. ತಿರಸ್ಕೃತ. ಕಾರಣ: ‘ಕೈಪಿಡಿ ಇರುವುದು ಸಮಾಧಾನ ಹೇಳುವುದಕ್ಕಲ್ಲ.’ ಕೆಳಗೆ ಆಧಾರವಾಗಿ ನನ್ನದೇ ಹಳೆಯ ತೀರ್ಪನ್ನು ಕೊಟ್ಟಿದ್ದರು. ನನ್ನ ಮಾತಿಗೆ ಜಗತ್ತಿನಲ್ಲಿ ಬೆಲೆ ಬಂದದ್ದು ಅದೊಂದೇ ಸಲ.

ಮತ್ತೆ ಕಳಿಸಿದ್ದೇನೆ. ಅದು ಇನ್ನೂ ಒಪ್ಪಿಗೆಗೆ ಕಾಯುತ್ತ ಅಲ್ಲೇ ಕೂತಿದೆ. ಅಕ್ಕ ನೆನಪಿದ್ದಷ್ಟು ವಿನ್ಯಾಸಗಳನ್ನು ನೋಟ್‌ಬುಕ್ಕಿನಲ್ಲಿ ಬಿಡಿಸುತ್ತಿದ್ದಾಳೆ. ಭಾನುವಾರಗಳಲ್ಲಿ ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಈಗ ನನಗೆ ಸುಮ್ಮನಿರಲು ಭಯ. ಗೆರೆ ಎಳೆದರೂ, ಅಳಿಸಿದರೂ, ಪೆನ್ಸಿಲ್ ಕೆತ್ತಿದರೂ ಹೆದರಬೇಡ ಹೆದರಬೇಡ ಎನ್ನುತ್ತಲೇ ಇರುತ್ತೇನೆ.

“ಸಾಕು ತಂಬಿ, ಸುಮ್ನಿರು,” ಎನ್ನುತ್ತಾಳೆ ಅಕ್ಕ.

ಅವಳ ಆ ತಿದ್ದುಪಡಿಯನ್ನು ಮಾತ್ರ ಷರಾ ಬರೆಯದೆ ಒಪ್ಪಿಕೊಳ್ಳುತ್ತೇನೆ.