ಮೂಗಿನಿಂದ ಎತ್ತಿದ ಕರೆ

ಸಿಮೆಂಟು ಕಲಸಿ ಕಲಸಿ ಗಾರೆ ಮೇಸ್ತ್ರಿಯ ಬೆರಳ ತುದಿಗಳು ಸವೆದು ಕಲ್ಲಾಗಿದ್ದವು. ಎಷ್ಟು ಉಜ್ಜಿದರೂ ಫೋನಿನ ಪರದೆ ಜಗ್ಗುತ್ತಿರಲಿಲ್ಲ. ಕರೆ ಬಂದರೆ ಮೂಗಿನಿಂದ ಸರಿಸಿ ಎತ್ತುತ್ತಿದ್ದ. ಮನೆಮಂದಿ ಬಿದ್ದು ಬಿದ್ದು ನಗುತ್ತಿದ್ದರು.

ಗುಂಡಿ ಒತ್ತುವ ಸ್ಮಾರ್ಟ್‌ಫೋನು ಅವನ ಭಾವ ದುಡಿಯುವ ದೇಶದಲ್ಲಷ್ಟೇ ಸಿಗುತ್ತಿತ್ತು. ಹುಟ್ಟಲಿರುವ ಮೊಮ್ಮಗುವಿನ ಮುಖವನ್ನೂ ಫೋನಿನಲ್ಲೇ ನೋಡಬೇಕೆಂದು ಕಾಡಿ ಬೇಡಿ ತರಿಸಿಕೊಂಡ. ಮಗಳ ಹೆರಿಗೆಯ ಸುದ್ದಿಗೆ ಕಾಯುತ್ತಿದ್ದ ದಿನವೇ ಅದು ಬಂತು. ಕಟ್ಟುತ್ತಿದ್ದ ಮನೆಯ ಮೆಟ್ಟಿಲ ಮೇಲೆ ಒಬ್ಬನೇ ಕೂತು ಸಿಮ್ ಹಾಕಿದರೆ, 'ಈ ಫೋನು ನಿಮ್ಮ ದೇಶದಲ್ಲಿ ನಡೆಯುವುದಿಲ್ಲ' ಎಂದಿತು.

"ಯಾಕೆ, ನಮ್ಮ ದೇಶದೋರಿಗೆ ಕೈ ಇಲ್ವೇನೋ?" ಎಂದು ಅದನ್ನೇ ಬೈದು, ಗೊಳೋ ಎಂದು ಅತ್ತುಬಿಟ್ಟ.

ಸಿಮ್ಮನ್ನು ಹಳೇ ಫೋನಿಗೆ ಮರಳಿಸಿದ್ದೇ ತಡ, ಅಳಿಯನ ಕರೆ ಬಂತು. ಮೇಸ್ತ್ರಿ ಪರದೆಗೆ ಮೂಗು ಒತ್ತಿ ಸರಿಸಿದ. ಕಣ್ಣೀರಿಗೆ ಒದ್ದೆಯಾಗಿದ್ದ ಮೂಗಿಗೂ ಪರದೆ ಜಗ್ಗಲಿಲ್ಲ. ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.