ಯಂತ್ರ ನಿಂತಲ್ಲಿಂದ

ಅರವತ್ತರ ದಶಕದ ಕೊನೆಯಲ್ಲಿ ನಾನು ಹಿಂದೂಪುರದ ಒಂದು ಸರ್ವೆ ಕಚೇರಿಯಲ್ಲಿದ್ದೆ. ಸುತ್ತಲಿನ ಊರುಗಳ ಬಾವಿಗಳ ವಿವರವೆಲ್ಲ ತೂತು ಹೊಡೆದ ಕಾರ್ಡುಗಳಾಗಿ ಪೆಟ್ಟಿಗೆ ಸೇರಿತ್ತು. ಆ ಪೆಟ್ಟಿಗೆಗಳು ಕಚೇರಿಯಲ್ಲಿ ನನಗೆ ಕೊಟ್ಟಿದ್ದ ಕೋಣೆಯ ಒಂದು ಗೋಡೆಯನ್ನು ಪೂರ್ತಿ ಮುಚ್ಚಿದ್ದವು. ಕಂಪ್ಯೂಟರ್ ಇದ್ದದ್ದು ಬೆಂಗಳೂರಿನಲ್ಲಿ. ಅದಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಅದು ಓಡುವುದನ್ನು ನಾನು ಕಂಡಿರಲಿಲ್ಲ. "ಹೆಣ್ಣುಮಗಳು, ಯಾಕಮ್ಮ ತಿರುಗಾಟ," ಅನ್ನುತ್ತಿದ್ದರು ಸಾಹೇಬರು. ಪೆಟ್ಟಿಗೆಗಳ ಜೊತೆ ರೈಲಿನಲ್ಲಿ ಹೋಗುತ್ತಿದ್ದದ್ದು ಪರಿಗಿ ಕಡೆಯ ಗುಮಾಸ್ತರು.

ಆ ಯಂತ್ರದ ನೆನಪು ಬಹಳ ಚಿಕ್ಕದು. ಅಷ್ಟೊಂದು ಕಾರ್ಡುಗಳನ್ನು ಒಟ್ಟಿಗೆ ಇಟ್ಟುಕೊಳ್ಳಲಾರದು. ಒಂದನ್ನು ಓದಿ, ಮೊತ್ತಕ್ಕೆ ಸೇರಿಸಿ, ಅದನ್ನು ಮರೆತು ಮುಂದಿನದಕ್ಕೆ ಹೋಗಬೇಕು. ನಡುವೆ ಕರೆಂಟು ಹೋದರೆ ಮೊತ್ತವೂ ಹೋಗುತ್ತಿತ್ತು. ಎರಡು ಸಲ ಹಾಗೇ ಆಯಿತು. ಇನ್ನೊಮ್ಮೆ ಕೆಟ್ಟರೆ ಲೆಕ್ಕವನ್ನು ಕೈಯಲ್ಲೇ ಮಾಡಿಸುವುದು, ನನ್ನ ತಾತ್ಕಾಲಿಕ ಹುದ್ದೆ ತೆಗೆಯುವುದು ಎಂದಾಯಿತು. ಕಲ್ಯಾಣದುರ್ಗದ ಮನೆಯಲ್ಲಿ ಅಮ್ಮ ಒಂದು ಗಂಡು ನೋಡಿಟ್ಟು ಅದಕ್ಕೇ ಕಾದಿದ್ದಳು.

ನಾನು ಪ್ರೋಗ್ರಾಂ ತಿದ್ದಿದೆ. ಒಂದೊಂದು ಪೆಟ್ಟಿಗೆ ಮುಗಿದಾಗಲೂ ಅಲ್ಲಿಯವರೆಗಿನ ಮೊತ್ತವನ್ನು ಯಂತ್ರವೇ ಹೊಸ ಕಾರ್ಡಿನಲ್ಲಿ ತೂತು ಹೊಡೆದು ಕೊಡಬೇಕು. ನಿಂತರೆ, ಆ ಕಾರ್ಡು ಹಾಕಿ ಮುಗಿಯದ ಪೆಟ್ಟಿಗೆಯಿಂದ ಶುರು ಮಾಡಬಹುದು.

"ಏನಮ್ಮ, ಇಟ್ಟಿಗೆ ತುಂಬ್ಸಿದ್ದೀರಾ? ಸ್ಟೇಷನ್ನಾಗೆ ನನ್ನ ಮೇಸ್ತ್ರಿ ಅಂತಾರೆ!" ಎನ್ನುತ್ತ ಗುಮಾಸ್ತರು ಹೊರಟರು. ಅವರು ಬರುವವರೆಗೆ ಖಾಲಿ ಗೋಡೆಯ ಎದುರು ಕೂತಿದ್ದೆ. ಅಲ್ಲೊಂದು ದೀಪದ ಗೂಡು ಇತ್ತೆಂದು ಆಗಲೇ ಕಂಡದ್ದು.

ಬಂದವರೇ, "ಕರೆಂಟು ಹೋಗ್ಬುಡ್ತು ಕಣಮ್ಮ," ಎಂದರು.

ನಾನು ಕೂತಲ್ಲಿಂದ ಎದ್ದು ನಿಂತೆ.

"ಅಯ್ಯೋ, ಮುಖ ನೋಡು! ಆಮ್ಯಾಲೆ ಬಂತು. ನಿಮ್ಮ ಕಾರ್ಡು ಹಾಕಿದ್ರು, ಅಲ್ಲಿಂದ್ಲೇ ಓಡ್ತು. ಅಂತಾ ಅಯಿಪೋಯಿಂದಿ, ಎಲ್ಲಾ ಮುಗೀತು!"

ಯಾವ ಪೆಟ್ಟಿಗೆಯಲ್ಲಿ ನಿಂತಿತ್ತು ಎಂದು ಕೇಳಿದೆ. ಅವರು ಒಂದನ್ನು ತಟ್ಟಿ ತೋರಿಸಿದರು.

ಭಾನುವಾರ ಊರಿಗೆ ಹೋದೆ. ಅಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು.

"ಕೆಲ್ಸ ಉಳ್ಕೊಂತು," ಅಂದೆ.

"ಹಂಗಾರೆ ಆ ಗಂಡಿನೋರಿಗೆ ಏನ್ ಹೇಳ್ಲಿ?"

"ಬ್ಯಾಡ ಅನ್ನು."

"ಅಲ್ಲಿ ನಿಂಗ್ಯಾರವ್ರೆ ಕಣಮ್ಮ, ಒಂದ್ ಮಾತಾಡೋಕೆ?"

ಯಂತ್ರ ನಿಂತಲ್ಲಿಂದಲೇ ಮತ್ತೆ ಓಡಿದ್ದನ್ನು ಅವಳಿಗೆ ಹೇಗೆ ಹೇಳುವುದೆಂದು ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದ್ದೆ. ಪಕ್ಕದಲ್ಲಿ ಕೂತು ನಾನೂ ಸುಲಿದೆ.

ಸೋಮವಾರ ಕೋಣೆಯ ಬೀಗ ತೆಗೆದಾಗ ಪೆಟ್ಟಿಗೆಗಳು ಮತ್ತೆ ಗೋಡೆ ತುಂಬಿದ್ದವು. ಗುಮಾಸ್ತರು ತೋರಿಸಿದ್ದ ಪೆಟ್ಟಿಗೆಯನ್ನು ಹುಡುಕಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಅದು ಯಾಕೆಂದು ಯಾರೂ ಕೇಳಲಿಲ್ಲ.