ಗೆರೆಗಳ ಪಕ್ಕದ ಬಿಳಿ ಜಾಗ

ಮುದ್ರಣಾಲಯದಲ್ಲಿ ಲೇಬಲ್ ತಪಾಸಣೆ ಮಾಡುವ, ಎಲ್ಲರೂ ಮೇಷ್ಟ್ರು ಎಂದೇ ಕರೆಯುವ ಹಿರಿಯರಿಗೆ ಬಾರ್‌ಕೋಡಿನ ಕಪ್ಪು ಗೆರೆಗಳಿಗಿಂತ ಅವುಗಳ ಅಕ್ಕಪಕ್ಕದ ಬಿಳಿ ಜಾಗವೆಂದರೆ ಪ್ರಾಣ. ಬಾರ್‌ಕೋಡ್ ಹೊಸದಾಗಿ ಬಂದ ವರ್ಷದಿಂದಲೂ ಅವರದು ಒಂದೇ ರಾಗ: "ಬದಿಯಲ್ಲಿ ಜಾಗ ಬಿಡ್ರಪ್ಪ, ಇಲ್ದಿದ್ರೆ ಗೆರೆ ಎಲ್ಲಿ ಶುರು ಅಂತ ಅಂಗಡೀಲಿ ಅದನ್ನ ಓದೋ ಮಷಿನ್ನಿಗೆ ತಿಳಿಯಲ್ಲ." ಕೂದಲೆಳೆಯಷ್ಟು ಕಡಿಮೆಯಾದರೂ ಸಾವಿರ ಲೇಬಲ್ ರದ್ದಿಗೆ ಹಾಕಿಸುತ್ತಾರೆ; ಯಾರಾದರೂ ಮದುವೆಯ ಕರೆಯೋಲೆ ಕೊಟ್ಟರೆ ಮೊದಲು ಅದರ ಅಂಚು ಅಳೆದು, ಆಮೇಲೆ ಶುಭ ಕೋರುತ್ತಾರೆ. ಅಲ್ಲೇ ಲೇಬಲ್ ಕತ್ತರಿಸುತ್ತಿದ್ದ ಹೆಂಡತಿ ಮೂವತ್ತು ವರ್ಷ ಮಧ್ಯಾಹ್ನದ ಊಟಕ್ಕೆ ಅವರ ಪಕ್ಕದಲ್ಲೇ ಕೂರುತ್ತಿದ್ದರು. ಆಕೆ ತೀರಿಕೊಂಡು ವರ್ಷವಾದರೂ ಮೇಷ್ಟ್ರು ಅದೇ ಬೆಂಚಿನ ತುದಿಯಲ್ಲೇ ಕೂತು ಉಣ್ಣುತ್ತಾರೆ. "ಸ್ವಲ್ಪ ಸರಿದು ಆರಾಮಾಗಿ ಕೂತ್ಕೊಳ್ಳಿ ಮೇಷ್ಟ್ರೇ," ಎಂದು ಹೊಸ ಕೆಲಸಗಾರ್ತಿ ಹೇಳಿದ್ದಕ್ಕೆ, ಡಬ್ಬಿ ಮುಚ್ಚುತ್ತಾ ಅಂದರು: "ಆ ಜಾಗ ಹಾಗೇ ಇರಲಮ್ಮ. ಅದೂ ತುಂಬಿಬಿಟ್ರೆ ನಾನು ಯಾರು ಅಂತ ನಂಗೇ ತಿಳಿಯಲ್ಲ."